ಗಂಗಾಮೂಲದಿಂದ ಕೇಡಗಾಂವದವರೆಗೆ: ಪುಸ್ತಕದ ಬಾಗಿಲು ತೆರೆದ ಪಂಡಿತಾ ರಮಾಬಾಯಿ



ಇಂದಾಪುರದಿಂದ ಪುಣೆಗೆ ನೀವು ಎಷ್ಟು ಸಲ ಹೋಗಿಬಂದಿರುವಿರೋ ಲೆಕ್ಕವಿಲ್ಲ. ಕಾಲೇಜಿಗೆ, ಪರೀಕ್ಷೆಗೆ, ಸಂದರ್ಶನಕ್ಕೆ, ಮದುವೆಯ ಜವಳಿಗೆ ಎಂದು ಹೋಗುತ್ತಲೇ ಇರುತ್ತೀರಿ. ಸೋಲಾಪುರ ರಸ್ತೆಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಸವೆದ ಮೇಲೆ ಚೌಫುಲಾ ಬರುತ್ತದೆ. ಅಲ್ಲಿ ಬಲಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಕೇಡಗಾಂವ. ರೈಲಿನಲ್ಲಿ ಹೋಗುವವರಿಗೆ ಭಿಗವಣ, ದೌಂಡ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಶನ್ ಅದು. ಆ ಊರಿನಲ್ಲಿ ನೂರು ವರ್ಷಕ್ಕೂ ಮಿಕ್ಕು ಹಳೆಯದಾದ ಒಂದು ದೊಡ್ಡ ಆವರಣವಿದೆ. ಹೆಸರು ಮುಕ್ತಿ. ದಿಕ್ಕಿಲ್ಲದ ಹೆಂಗಸರಿಗೂ ಮಕ್ಕಳಿಗೂ ಅದು ಇವತ್ತಿಗೂ ಆಶ್ರಯ.

ಅದನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಅವರ ಬಗ್ಗೆ ಒಂದೆರಡು ಸಾಲು ನೀವು ಓದಿರಬಹುದು. "ಸಮಾಜ ಸುಧಾರಕಿ, ಶಾರದಾ ಸದನದ ಸ್ಥಾಪಕಿ" ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿರಬಹುದು. ಆದರೆ ಅವರು ಹುಟ್ಟಿದ್ದು ನಮ್ಮ ಕರ್ನಾಟಕದ ಕಾಡಿನಲ್ಲಿ ಎಂಬುದು ನಿಮಗೆ ಗೊತ್ತೇ? ಅವರಿಗೆ ಕನ್ನಡ ಬರುತ್ತಿತ್ತು ಎಂಬುದು ಗೊತ್ತೇ? ಅವರ ಕೆಲಸದ ಒಂದು ಕೊಂಬೆ ಕೇಡಗಾಂವದಿಂದ ಕಲಬುರಗಿಯವರೆಗೂ ಚಾಚಿತ್ತು ಎಂಬುದು?

ಹೊರನಾಡ ಕನ್ನಡಿಗರ ಮಕ್ಕಳಾದ ನಿಮಗೆ ಈ ಕಥೆ ಹೇಳಲು ಇದಿಷ್ಟೇ ಕಾರಣವಲ್ಲ. ನಮ್ಮ ಪ್ರಾಂತದವರು ಎಂದು ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ರಮಾಬಾಯಿಯವರ ಬದುಕಿನ ಉದ್ದಕ್ಕೂ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತದೆ: ಪುಸ್ತಕ ಯಾರದು? ಅದನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾಡಿನ ಮನೆ, ತಾಯಿಯ ಪಾಠ

ಕಾರ್ಕಳ ತಾಲ್ಲೂಕಿನಲ್ಲಿ ಮಾಳ ಎಂಬ ಗ್ರಾಮವಿದೆ. ಅದರ ನೆತ್ತಿಯ ಮೇಲೆ ಪಶ್ಚಿಮ ಘಟ್ಟದ ದಟ್ಟ ಕಾಡು. ಅಲ್ಲಿಯೇ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಆ ಬೆಟ್ಟದ ಮೇಲಿನ ಮನೆಯಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಮನೆತನದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಮನೆಮಾತು ಮರಾಠಿ, ಸುತ್ತಲಿನ ನಾಡು ಕನ್ನಡ-ತುಳು. ನಿಮ್ಮ ಸ್ಥಿತಿಯನ್ನೇ ತಿರುವಿಹಾಕಿದಂತೆ ಇದೆಯಲ್ಲವೇ? ನಿಮಗೆ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ಮರಾಠಿ.

ಅನಂತಶಾಸ್ತ್ರಿಗಳು ಹುಡುಗನಾಗಿದ್ದಾಗ ಪುಣೆಯಲ್ಲಿ ರಾಮಚಂದ್ರಶಾಸ್ತ್ರಿ ಎಂಬ ಗುರುಗಳ ಬಳಿ ಓದಿದವರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಒಬ್ಬ ಹೆಂಗಸು ಸ್ಪಷ್ಟವಾಗಿ ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ ಹುಡುಗನಿಗೆ ಆಶ್ಚರ್ಯವಾಯಿತು. ನನ್ನ ಹೆಂಡತಿಗೂ ಹೀಗೆಯೇ ಕಲಿಸಬೇಕು ಎಂದು ಅಂದೇ ಮನಸ್ಸು ಮಾಡಿದರು. ಮೊದಲ ಹೆಂಡತಿಗೆ ಕಲಿಸಹೊರಟಾಗ ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಒಂಬತ್ತು ವರ್ಷದ ಹುಡುಗಿಯನ್ನು ಮದುವೆಯಾದರು. ಈ ಮಾತು ಓದಿ ನಿಮಗೆ ಸಿಟ್ಟು ಬಂದರೆ ಅದು ಸರಿಯಾದ ಸಿಟ್ಟೇ. ಆದರೆ ಆ ಕಾಲದ ಬೇರೆ ಗಂಡಂದಿರು ಮಾಡದ ಒಂದು ಕೆಲಸವನ್ನು ಅವರು ಮಾಡಿದರು. ಆ ಹುಡುಗಿ ಲಕ್ಷ್ಮೀಬಾಯಿಗೆ ಅಕ್ಷರ ಕಲಿಸಿದರು, ಸಂಸ್ಕೃತ ಕಲಿಸಿದರು.

ಸುದ್ದಿ ಹರಡಿತು. ಹೆಂಗಸಿಗೆ ದೇವಭಾಷೆಯೇ! ಇದಕ್ಕೆ ಸಮಾಧಾನ ಹೇಳಬೇಕೆಂದು ಉಡುಪಿಯ ವಿದ್ವತ್ಸಭೆಯ ಮುಂದೆ ಶಾಸ್ತ್ರಿಗಳು ನಿಲ್ಲಬೇಕಾಯಿತು. ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು, ಹೆಂಗಸರೂ ಶೂದ್ರರೂ ಪುರಾಣ-ಕಾವ್ಯಗಳನ್ನು ಸಂಸ್ಕೃತದಲ್ಲಿ ಓದಬಹುದು ಎಂದು ಅವರು ವಾದಿಸಿದರು. ಅವರನ್ನು ಬಹಿಷ್ಕರಿಸಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ವೇದ ಮಾತ್ರ ಹೆಂಗಸರಿಗೆ ಸಲ್ಲದು ಎಂದು ಆ ಉದಾರ ತಂದೆಯೂ ನಂಬಿದ್ದರು. ಅವರು ತೆರೆದ ಬಾಗಿಲು ಅಷ್ಟಕ್ಕೇ ನಿಂತಿತು.

ಗಂಗಾಮೂಲದ ಮನೆಗೆ ಯಾತ್ರಿಕರು, ವಿದ್ಯಾರ್ಥಿಗಳು ಸದಾ ಬರುತ್ತಿದ್ದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಶಾಸ್ತ್ರಿಗಳು ಸಾಲಗಾರರಾದರು. ಮನೆ-ಜಮೀನು ಬಿಟ್ಟು ಹೊರಡಬೇಕಾಯಿತು. ಆಗ ರಮಾ ಆರು ತಿಂಗಳ ಕೂಸು. ಬೆತ್ತದ ಪೆಟ್ಟಿಗೆಯೊಂದನ್ನು ಮಾಡಿಸಿ, ಅದರಲ್ಲಿ ಮಗುವನ್ನು ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿಸಿದರು. ಅಂದು ಶುರುವಾದ ಅಲೆದಾಟ ಇಪ್ಪತ್ತು ವರ್ಷ ಮುಗಿಯಲಿಲ್ಲ. ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ಹೋಗುವುದು, ದೇವಸ್ಥಾನದ ಕಟ್ಟೆಯ ಮೇಲೋ ಮರದ ಕೆಳಗೋ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟದ್ದರಲ್ಲಿ ಜೀವನ. ಶಾಲೆಯೆಂಬುದಿಲ್ಲ, ಸ್ವಂತ ಸೂರೂ ಇಲ್ಲ.

ಹೀಗಿರುವಾಗ ಹುಡುಗಿ ಕಲಿತದ್ದು ಹೇಗೆ? ತಂದೆಗೆ ವಯಸ್ಸಾಗಿತ್ತು. ಆದ್ದರಿಂದ ತಾಯಿ ಲಕ್ಷ್ಮೀಬಾಯಿಯೇ ಗುರು. ಹಗಲೆಲ್ಲ ಅಡಿಗೆ, ಪಯಣ, ಮಕ್ಕಳು. ಬಿಡುವು ಸಿಗುತ್ತಿದ್ದುದು ಬೆಳಕು ಹರಿಯುವ ಮೊದಲು ಮಾತ್ರ. ನೆಲದ ಮೇಲೆ ಮಲಗಿದ್ದ ಮಗುವನ್ನು ಮುದ್ದುಮಾಡಿ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದರು. ಹಕ್ಕಿಗಳು ಕೂಗುವ ಹೊತ್ತಿಗೆ ಪಾಠ ಮುಗಿಯುತ್ತಿತ್ತು. ಪುಸ್ತಕ ಬಿಡಿಸಿ ನೋಡಿ ಕಲಿತದ್ದಲ್ಲ, ತಾಯಿಯ ಬಾಯಿಂದ ಮಗಳ ಕಿವಿಗೆ ಇಳಿದದ್ದು. ಹದಿನೆಂಟು ಸಾವಿರ ಶ್ಲೋಕಗಳ ಭಾಗವತ ಅವರಿಗೆ ಬಾಯಿಪಾಠವಾಗಿತ್ತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೆಂಗಸರಿಗೆ ಗ್ರಂಥಾಲಯವೇ ಇಲ್ಲದ ಕಾಲದಲ್ಲಿ ಆ ಹುಡುಗಿಯ ತಲೆಯೇ ಒಂದು ಗ್ರಂಥಾಲಯವಾಯಿತು.

ಊರೂರು ತಿರುಗುತ್ತ ಭಾಷೆಗಳೂ ಕೂಡಿಕೊಂಡವು. ಮನೆಯ ಮರಾಠಿ, ಪಾಠದ ಸಂಸ್ಕೃತ, ದಾರಿಯಲ್ಲಿ ಕಿವಿಗೆ ಬಿದ್ದ ಕನ್ನಡ, ಹಿಂದುಸ್ತಾನಿ, ಮುಂದೆ ಬಂಗಾಳಿ. ಯಾವ ಭಾಷೆಗೂ ಅವರು ಪರಕೀಯರಾಗಲಿಲ್ಲ.

ಬರಗಾಲ ಮತ್ತು ಕಲ್ಕತ್ತೆ

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಭೀಕರ ಬರ ಕಾಡಿತು. ಕೈಯಲ್ಲಿದ್ದ ಅಲ್ಪಸ್ವಲ್ಪವೂ ಮುಗಿಯಿತು. ಹೊಟ್ಟೆಗಿಲ್ಲದೆ ತಂದೆ ತೀರಿಕೊಂಡರು. ಕೆಲವೇ ತಿಂಗಳೊಳಗೆ ತಾಯಿ, ಆಮೇಲೆ ಅಕ್ಕ. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ವಿದ್ಯೆಯಿದೆ, ಆದರೆ ಭಿಕ್ಷೆ ಬೇಡಲು ನಾಚಿಕೆ. ಕೂಲಿ ಮಾಡಲು ಅಭ್ಯಾಸವಿಲ್ಲ. ಬರೀ ಬಾಯಿಪಾಠ ಹೊಟ್ಟೆ ತುಂಬಿಸದು ಎಂಬುದನ್ನು ಅವರು ಆಗಲೇ ಕಂಡುಂಡರು. ಮುಂದೆ ತಮ್ಮ ಶಾಲೆಗಳಲ್ಲಿ ಓದಿನ ಜೊತೆಗೆ ಕೈಕಸುಬು ಕಡ್ಡಾಯ ಮಾಡಿದ್ದರ ಬೇರು ಈ ಬರಗಾಲದಲ್ಲಿದೆ.

ಅಣ್ಣತಂಗಿ ನಡೆದೇ ದೇಶ ಸುತ್ತಿದರು. 1878ರಲ್ಲಿ ಕಲ್ಕತ್ತೆ ತಲುಪಿದರು. ಇಪ್ಪತ್ತು ವರ್ಷದ, ಮದುವೆಯಾಗದ ಒಬ್ಬ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುತ್ತಾಳೆ ಎಂಬ ಸುದ್ದಿಗೆ ನಗರವೇ ಕಿವಿಗೊಟ್ಟಿತು. ಅಲ್ಲಿಯ ವಿದ್ವಾಂಸರು ಅವರನ್ನು ಪರೀಕ್ಷಿಸಿ "ಪಂಡಿತಾ", "ಸರಸ್ವತಿ" ಎಂಬ ಬಿರುದು ಕೊಟ್ಟರು.

ಅಲ್ಲಿ ನಡೆದ ಒಂದು ಘಟನೆಯನ್ನು ನೀವು ನೆನಪಿಡಬೇಕು. ಬ್ರಹ್ಮಸಮಾಜದ ಮುಖಂಡ ಕೇಶವಚಂದ್ರ ಸೇನರು ರಮಾಬಾಯಿಯವರಿಗೆ ಒಂದು ವೇದದ ಪ್ರತಿಯನ್ನು ಕೊಟ್ಟು ಓದಲು ಹೇಳಿದರು. ಹೆಂಗಸರಿಗೆ ವೇದಾಧಿಕಾರ ಇಲ್ಲವಲ್ಲ ಎಂದು ರಮಾಬಾಯಿ ತಡವರಿಸಿದರು. ಕೊನೆಗೆ ಪುಸ್ತಕ ತೆಗೆದುಕೊಂಡರು. ತಂದೆಯ ಉದಾರತೆಯೂ ಹೋಗಿ ನಿಂತಿದ್ದ ಗೆರೆ ಅದು. ಅದನ್ನು ಮಗಳು ದಾಟಿದಳು.

ಹೆಂಗಸರ ಕರ್ತವ್ಯದ ಮೇಲೆ ಉಪನ್ಯಾಸ ಮಾಡಬೇಕೆಂದು ಕಲ್ಕತ್ತೆಯ ಜನ ಕೇಳಿಕೊಂಡಾಗ ಅವರು ಧರ್ಮಶಾಸ್ತ್ರಗಳನ್ನು ತಾವೇ ಓದತೊಡಗಿದರು. ಗ್ರಂಥಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಕಣ್ಣಿಗೆ ಬಿತ್ತು. ಆದರೆ ಹೆಂಗಸರನ್ನು ಮತ್ತು ಶೂದ್ರರನ್ನು ಕೀಳು ಎನ್ನುವುದರಲ್ಲಿ ಮಾತ್ರ ಬಹುತೇಕ ಎಲ್ಲವೂ ಒಂದೇ ಮಾತು! ಇದನ್ನು ಅವರು 1907ರಲ್ಲಿ ಬರೆದ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಇನ್ನೊಬ್ಬರು ಹೇಳಿದ್ದನ್ನು ನಂಬುವುದಕ್ಕೂ, ಪುಸ್ತಕವನ್ನು ತಾನೇ ಬಿಡಿಸಿ ನೋಡುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

1880ರಲ್ಲಿ ಅಣ್ಣ ಶ್ರೀನಿವಾಸ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಬೇರೆ ಪ್ರಾಂತ, ಬೇರೆ ಜಾತಿ, ಬೇರೆ ಭಾಷೆ. ಆ ಕಾಲಕ್ಕೆ ಊಹಿಸಲೂ ಆಗದ ಮದುವೆ. ಅಸ್ಸಾಮಿನ ಸಿಲ್ಚರಿನಲ್ಲಿ ಸಂಸಾರ. ಮನೆಯಲ್ಲಿ ಅವರದೇ ಆದ ಪುಸ್ತಕ ಸಂಗ್ರಹವಿತ್ತು. ಅದರಲ್ಲಿ ಒಂದು ದಿನ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯ ಸಣ್ಣ ಪುಸ್ತಕ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೇ ಗೊತ್ತಿರಲಿಲ್ಲ. ಓದಿದರು. ಮುಂದೆ ಬದುಕಿನ ದಿಕ್ಕನ್ನೇ ಬದಲಿಸಿದ ಓದು ಅದು.

1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರು ವರ್ಷದ ವಿಧವೆ ಮಗುವನ್ನೆತ್ತಿಕೊಂಡು ಪುಣೆಗೆ ಬಂದರು.

ಪುಣೆಯಿಂದ ಪರದೇಶಕ್ಕೆ

ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆಯವರಂಥ ಸುಧಾರಕರ ಬೆಂಬಲ ಸಿಕ್ಕಿತು. 1882ರಲ್ಲಿಯೇ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಅದೇ ವರ್ಷ "ಸ್ತ್ರೀಧರ್ಮನೀತಿ" ಎಂಬ ಮರಾಠಿ ಪುಸ್ತಕ ಬಂತು. ಅದೇ ವರ್ಷ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ಅವರ ಬೇಡಿಕೆ ಸ್ಪಷ್ಟವಾಗಿತ್ತು: ಹೆಣ್ಣುಮಕ್ಕಳ ಶಾಲೆಗೆ ತರಬೇತಾದ ಶಿಕ್ಷಕಿಯರು ಬೇಕು, ಇನ್‌ಸ್ಪೆಕ್ಟರರೂ ಹೆಂಗಸರೇ ಆಗಬೇಕು, ಹೆಂಗಸರಿಗೆ ವೈದ್ಯಕೀಯ ಕಲಿಸಬೇಕು. ಓದಿದ ಗಂಡಸರೇ ಹೆಣ್ಣಿನ ಓದಿಗೆ ಅಡ್ಡ ನಿಲ್ಲುತ್ತಾರೆ ಎಂದು ಆಯೋಗದ ಮುಖಕ್ಕೆ ಹೇಳುವ ಧೈರ್ಯ ಅವರಿಗಿತ್ತು.

ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ಆಸೆ ಬಿಡಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ರೈಸ್ತಮತ ಸ್ವೀಕರಿಸಿದರು. 1884ರಿಂದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಒಂದು ಕಡೆ ಇಂಗ್ಲಿಷ್, ಗಣಿತ, ವಿಜ್ಞಾನ ಕಲಿಯುತ್ತ, ಇನ್ನೊಂದು ಕಡೆ ಸಂಸ್ಕೃತ ಕಲಿಸಿದರು. ಯಾವ ಶಾಲೆಯ ಮೆಟ್ಟಿಲನ್ನೂ ಹತ್ತದ ಗಂಗಾಮೂಲದ ಹುಡುಗಿ ಇಂಗ್ಲೆಂಡಿನ ಕಾಲೇಜಿನಲ್ಲಿ ಅಧ್ಯಾಪಕಿ!

ಅಲ್ಲಿಯೂ ಗೆರೆ ಎಳೆಯುವವರು ಇದ್ದರು. ಭಾರತಕ್ಕೆ ಹೊರಟ ಇಂಗ್ಲಿಷ್ ತರುಣರಿಗೆ ರಮಾಬಾಯಿ ಪಾಠ ಹೇಳಬಹುದು ಎಂಬ ಮಾತು ಬಂದಾಗ, ಹೆಂಗಸು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಗೌರವ ಹೋದೀತು ಎಂದು ಬಿಷಪ್ಪರುಗಳು ಆಕ್ಷೇಪಿಸಿದರು. ತಮ್ಮ ದೇಶದಲ್ಲಿ ಗಂಡಸರ ಸಭೆಗಳಲ್ಲೇ ಪುರಾಣ ಹೇಳಿ ಬೆಳೆದ ರಮಾಬಾಯಿಗೆ ಈ ಮಾತು ಕೇಳಿ ಹೇಗಾಗಿರಬೇಡ! ಅವರು ಖಾರವಾಗಿಯೇ ಪತ್ರ ಬರೆದರು. ಮತ ಬದಲಿಸಿದ್ದರಿಂದ ಅವರು ತಮ್ಮ ಬುದ್ಧಿಯನ್ನು ಯಾರ ಕೈಗೂ ಒಪ್ಪಿಸಿರಲಿಲ್ಲ. ಉಡುಪಿಯ ಸಭೆಯಲ್ಲಿ ತಂದೆ ವಾದಿಸಿದಂತೆಯೇ ಮಗಳು ಇಂಗ್ಲೆಂಡಿನ ಪಾದ್ರಿಗಳೊಡನೆ ವಾದಿಸಿದಳು.

1886ರ ಮಾರ್ಚಿನಲ್ಲಿ ತಮ್ಮ ಬಂಧು ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಹೋದವರು ಎರಡು ವರ್ಷಕ್ಕೂ ಹೆಚ್ಚು ಅಲ್ಲೇ ಉಳಿದು ದೇಶವೆಲ್ಲ ಸುತ್ತಿ ಉಪನ್ಯಾಸ ಕೊಟ್ಟರು. ಶಿಶುವಿಹಾರದ ಪದ್ಧತಿಯನ್ನು ಕಲಿತರು. ಭಾರತದ ಮೇಲುಜಾತಿಯ ಹೆಂಗಸರ ಪಾಡನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಸಾವಿರಾರು ಪ್ರತಿ ಖರ್ಚಾಯಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ಅವರ ಹೆಸರಿನ ಒಂದು ಸಂಘವೇ ಹುಟ್ಟಿ, ಭಾರತದಲ್ಲಿ ವಿಧವೆಯರ ಶಾಲೆ ನಡೆಸಲು ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿತು. ತಾವು ಕಂಡ ಅಮೆರಿಕದ ಬಗ್ಗೆ ಅವರು ಮರಾಠಿಯಲ್ಲಿ ಬರೆದ ಪುಸ್ತಕ 1889ರಲ್ಲಿ ಬಂತು. ಇಂಗ್ಲಿಷಿನವರಿಗೆ ಭಾರತದ ಕಥೆ ಹೇಳಿದರು, ಮರಾಠಿಯವರಿಗೆ ಅಮೆರಿಕದ ಕಥೆ ಹೇಳಿದರು. ಎರಡು ಭಾಷೆ ಬಲ್ಲವರು ಮಾಡಬೇಕಾದ ಕೆಲಸ ಇದೇ ಅಲ್ಲವೇ?

ಶಾರದಾ ಸದನ

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಬಾಗಿಲು ತೆರೆಯಿತು. ಮೊದಲಿಗೆ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಮರುವರ್ಷ ಸದನ ಪುಣೆಗೆ ಬಂತು. ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಎಳೆಯ ವಿಧವೆಯರು ಅಲ್ಲಿ ಸ್ಲೇಟು ಹಿಡಿದರು.

ಆರಂಭದಲ್ಲೇ ಸೇರಿದ ಗೋದೂಬಾಯಿ ಎಂಬ ವಿಧವೆಯ ಕಥೆ ನೋಡಿ. 1893ರಲ್ಲಿ ಪ್ರೊಫೆಸರ್ ಧೋಂಡೋ ಕೇಶವ ಕರ್ವೆಯವರು ಆಕೆಯನ್ನು ಮದುವೆಯಾದರು. ಆನಂದೀಬಾಯಿ ಕರ್ವೆ ಎಂದು ಹೆಸರಾದವರು ಅವರೇ. ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಸ್ಥಾಪಿಸಿದರು, ಮುಂದೆ ಅದು ಪುಣೆಯ ಹಿಂಗಣೆಯಲ್ಲಿ ಬೆಳೆಯಿತು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಇಂದಿನ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯ ಅದೇ. ಆ ವಿಶ್ವವಿದ್ಯಾಲಯ 1961ರಲ್ಲಿ ಗ್ರಂಥಾಲಯ ವಿಜ್ಞಾನದ ಶಾಲೆಯನ್ನೂ ತೆರೆದು ಹೆಣ್ಣುಮಕ್ಕಳನ್ನು ಗ್ರಂಥಪಾಲಕಿಯರನ್ನಾಗಿ ತಯಾರು ಮಾಡತೊಡಗಿತು. ವೇದದ ಪುಸ್ತಕ ಮುಟ್ಟಲು ಒಬ್ಬ ಹೆಂಗಸು ತಡವರಿಸಿದ್ದಕ್ಕೂ, ಪುಸ್ತಕಗಳ ಭಂಡಾರವನ್ನೇ ಹೆಂಗಸರ ಕೈಗೆ ಒಪ್ಪಿಸುವ ಶಿಕ್ಷಣ ಶುರುವಾದದ್ದಕ್ಕೂ ನಡುವೆ ಎಂಬತ್ತೇ ಚಿಲ್ಲರೆ ವರ್ಷ!

ಆದರೆ ಸದನದ ಹಾದಿ ಹೂವಿನದಾಗಿರಲಿಲ್ಲ. ಅಲ್ಲಿ ಮತಬೋಧನೆ ಇಲ್ಲ, ಎಲ್ಲರಿಗೂ ಅವರವರ ಆಚಾರ ಪಾಲಿಸುವ ಸ್ವಾತಂತ್ರ್ಯ ಎಂಬುದು ಕರಾರು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಪುಣೆಯಲ್ಲಿ ಗದ್ದಲವೆದ್ದಿತು, "ಕೇಸರಿ" ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು. ಅನೇಕ ಪೋಷಕರು ಹುಡುಗಿಯರನ್ನು ಕರೆದೊಯ್ದರು. ನಂಬಿ ಮಕ್ಕಳನ್ನು ಕಳಿಸಿದವರ ಆತಂಕ ಸುಳ್ಳಾಗಿರಲಿಲ್ಲ. ತನ್ನ ಕೋಣೆಯ ಬಾಗಿಲನ್ನು ತಾನೇಕೆ ಮುಚ್ಚಬೇಕು ಎಂಬ ರಮಾಬಾಯಿಯವರ ಪ್ರಶ್ನೆಯೂ ಸುಳ್ಳಾಗಿರಲಿಲ್ಲ. ಈ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ನೀವು ಯಾವ ಮನೆಯಲ್ಲೇ ಹುಟ್ಟಿರಿ, ಯಾವ ದೇವರಿಗೇ ಕೈಮುಗಿಯಿರಿ, ಎರಡೂ ಕಡೆಯವರ ಮಾತನ್ನು ಓದಿ ನೀವೇ ತೀರ್ಮಾನಿಸಿ. ರಮಾಬಾಯಿ ತಮ್ಮ ಬದುಕಿನಲ್ಲಿ ಮಾಡಿದ್ದೂ ಅದನ್ನೇ.

ಈ ಗದ್ದಲದಿಂದ ಅವರಿಗಾದ ನಷ್ಟ ಸಣ್ಣದಲ್ಲ. ಕಲ್ಕತ್ತೆ ಮೆರೆಸಿದ, ಪುಣೆ ಬರಮಾಡಿಕೊಂಡ ಪಂಡಿತೆಯನ್ನು ಮಹಾರಾಷ್ಟ್ರ ಎಷ್ಟೋ ವರ್ಷ ಹೆಚ್ಚುಕಡಿಮೆ ಮರೆತೇಬಿಟ್ಟಿತು.

ಕೇಡಗಾಂವದ ಮುಕ್ತಿ

ಕೇಡಗಾಂವದ ಬಳಿ ಸುಮಾರು ನೂರು ಎಕರೆ ಜಮೀನು ಅವರ ಕೈಯಲ್ಲಿತ್ತು. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಬಂದಾಗ ಅವರಿಗೆ ತಮ್ಮ ತಂದೆ, ತಾಯಿ, ಅಕ್ಕ ಹಸಿದು ಸತ್ತದ್ದು ನೆನಪಾಗದೆ ಇದ್ದೀತೇ? ಸ್ವತಃ ಅಲ್ಲಿಗೆ ಹೋಗಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. 1898ರಲ್ಲಿ ಮುಕ್ತಿ ಸದನ ವಿಧ್ಯುಕ್ತವಾಗಿ ಆರಂಭವಾಯಿತು. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು!

ಎರಡು ಸಾವಿರ ಜನ ಎಂದರೆ ಒಂದು ಊರೇ ಸರಿ. ಅದನ್ನು ನಡೆಸಿದವರು ಹೆಂಗಸರೇ. ಬೇಸಾಯ, ಹೈನು, ಎಣ್ಣೆಗಾಣ, ನೇಯ್ಗೆ, ಹೊಲಿಗೆ ಎಲ್ಲ ಅಲ್ಲಿಯೇ. ಎಳೆಯರಿಗೆ ಶಿಶುವಿಹಾರ, ದೊಡ್ಡವರಿಗೆ ಶಾಲೆ, ಚುರುಕಾದವರಿಗೆ ಶಿಕ್ಷಕಿಯಾಗುವ ತರಬೇತಿ. ಕಣ್ಣು ಕಾಣದ ಹುಡುಗಿಯರಿಗೆ ಬ್ರೈಲ್ ಲಿಪಿಯಲ್ಲಿ ಓದು. ಬೆರಳ ತುದಿಯಿಂದ ಓದಬಹುದು ಎಂಬ ಮಾತೇ ನಮ್ಮ ಹಳ್ಳಿಗಳು ಕೇಳದ ಕಾಲದಲ್ಲಿ ಕೇಡಗಾಂವದಲ್ಲಿ ಆ ಪಾಠ ನಡೆಯುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಅಲ್ಲಿಯ ಅಚ್ಚುಕೂಟ. ಬರಗಾಲದಿಂದ ಬದುಕಿ ಬಂದ ಹುಡುಗಿಯರು ಅಕ್ಷರ ಕಲಿತು, ಮೊಳೆ ಜೋಡಿಸಿ, ಪುಟ ಕಟ್ಟಿ, ಅಚ್ಚು ಹಾಕುತ್ತಿದ್ದರು. ರಮಾಬಾಯಿ ತಮ್ಮ ಕೊನೆಯ ವರ್ಷಗಳನ್ನು ಬೈಬಲ್ಲನ್ನು ಮರಾಠಿಗೆ ತರುವುದರಲ್ಲಿ ಕಳೆದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಸಂಸ್ಕೃತದಲ್ಲಿ ಆಶುವಾಗಿ ಮಾತಾಡಬಲ್ಲ ಪಂಡಿತೆ ಈ ಕೆಲಸಕ್ಕೆ ಆರಿಸಿಕೊಂಡದ್ದು ಹಳ್ಳಿಯ ಹೆಂಗಸಿಗೆ ಅರ್ಥವಾಗುವ ಸರಳ ಮರಾಠಿಯನ್ನು. ಇದು ಮತದ ವಿಷಯ ಮಾತ್ರವಲ್ಲ. ಯಾವ ಗ್ರಂಥವೇ ಇರಲಿ, ಓದುವವಳ ಭಾಷೆಯಲ್ಲಿ ಅವಳ ಕೈಗೆ ಸಿಗಬೇಕು ಎಂಬ ಹಟ ಅದರ ಹಿಂದಿತ್ತು.

ಇದೇ ಮಾತನ್ನು ಮುಂದೆ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯದ ಶಾಸ್ತ್ರವಾಗಿಸಿದರು. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದು, 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದ ಹಿರಿಯರು ಅವರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ತಿರುಳು, ಪುಸ್ತಕವಿರುವುದು ಬಳಸಲಿಕ್ಕೆ, ಓದುವ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದ ಪುಸ್ತಕ ದೊರೆಯಬೇಕು ಎಂಬುದು. ರಮಾಬಾಯಿ ಗ್ರಂಥಪಾಲಕಿಯ ಕುರ್ಚಿಯಲ್ಲಿ ಕುಳಿತವರಲ್ಲ. ಆದರೆ ಆ ಸೂತ್ರಗಳನ್ನು ಬರೆಯುವ ಮೊದಲೇ ಅವುಗಳನ್ನು ಬದುಕಿ ತೋರಿಸಿದರು. ಗ್ರಂಥವನ್ನು ಬಾಯಿಪಾಠದಲ್ಲಿ ಕಾಯ್ದರು, ಕಲಿಸಿದರು, ಬರೆದರು, ಅನುವಾದಿಸಿದರು, ಅಚ್ಚು ಹಾಕಿಸಿದರು.

ಮತ್ತೆ ಕನ್ನಡ ನಾಡಿಗೆ

ನಮ್ಮ ಇಂದಾಪುರ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಭೀಮೆ ಎಲ್ಲಿಗೆ ಹೋಗುತ್ತಾಳೆ? ಉಜನಿಯ ಅಣೆಕಟ್ಟು ದಾಟಿ, ಸೋಲಾಪುರ ಸೀಮೆ ಕಳೆದು, ವಿಜಯಪುರ-ಕಲಬುರಗಿ ಜಿಲ್ಲೆಗಳ ನೆಲ ತೋಯಿಸಿ ಕೃಷ್ಣೆಯನ್ನು ಸೇರುತ್ತಾಳೆ. ಕೇಡಗಾಂವದ ರೈಲು ಹಳಿಯೂ ಅದೇ ದಿಕ್ಕಿಗೆ ಹೋಗಿ ಕಲಬುರಗಿ ಮುಟ್ಟುತ್ತದೆ. 1912ರ ಸುಮಾರಿಗೆ ರಮಾಬಾಯಿಯವರ ಕೆಲಸವೂ ಅದೇ ದಾರಿ ಹಿಡಿಯಿತು. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಅದರ ಹೊಣೆ ಹೊತ್ತವಳು ಮಗಳು ಮನೋರಮಾ. ಬೆತ್ತದ ಪೆಟ್ಟಿಗೆಯಲ್ಲಿ ಕನ್ನಡ ನಾಡು ಬಿಟ್ಟ ಕೂಸು, ಐವತ್ತು ವರ್ಷ ದಾಟಿದ ಮೇಲೆ ಆ ನಾಡಿಗೆ ಒಂದು ಶಾಲೆಯನ್ನು ಕಳಿಸಿಕೊಟ್ಟಿತು.

ಮನೋರಮಾ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ. ತಾಯಿಯ ಕೆಲಸವನ್ನು ಮುಂದುವರಿಸಬೇಕಾಗಿದ್ದವಳು. ಆದರೆ 1921ರ ಜುಲೈಯಲ್ಲಿ, ನಲವತ್ತು ವರ್ಷಕ್ಕೇ ತೀರಿಕೊಂಡಳು. ತಾಯಿ, ತಂದೆ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. ಅಷ್ಟಾದರೂ ರಮಾಬಾಯಿ ಅನುವಾದ ನಿಲ್ಲಿಸಲಿಲ್ಲ. ಕೊನೆಯ ಪುಟಗಳ ಕೆಲಸ ಮುಗಿಸಿದರು. 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ಕಣ್ಣು ಮುಚ್ಚಿದರು. ಪುಸ್ತಕ ಪೂರ್ತಿಯಾಗಿ ಹೊರಬಂದದ್ದು ಅವರು ಹೋದ ಮೇಲೆ. ಭಾರತ ಸರ್ಕಾರ 1989ರಲ್ಲಿ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು.

ಇನ್ನು ನಿಮ್ಮ ಸರದಿ

ಮಿತ್ರರೇ, "ಇಲ್ಲಿ ಕನ್ನಡ ಕಲಿತು ಏನು ಮಾಡುವುದು?" ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಕೇಳುವುದರಲ್ಲಿ ತಪ್ಪಿಲ್ಲ. ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಸಿನಿಮಾದಲ್ಲಿ ಹಿಂದಿ. ಕನ್ನಡ ಅಮ್ಮನೊಡನೆ ಜಗಳವಾಡಲು, ಊರಿಗೆ ಫೋನು ಮಾಡಲು ಮಾತ್ರ. ಮಾತಾಡಬಲ್ಲಿರಿ, ಆದರೆ ಓದಲು ಕೊಟ್ಟರೆ ಅಕ್ಷರ ಗುರುತು ಸಿಗುವುದಿಲ್ಲ.

ರಮಾಬಾಯಿಯವರ ಬದುಕನ್ನು ನೋಡಿ. ಸ್ವಂತ ಊರಿಲ್ಲದ ಕುಟುಂಬ, ದಿನಕ್ಕೊಂದು ಸೀಮೆ. ಅಂಥದ್ದರಲ್ಲಿ ಆ ತಾಯಿ ನಸುಕಿನಲ್ಲಿ ಎದ್ದು ಹೇಳಿಕೊಟ್ಟ ಒಂದು ತಾಸಿನ ಪಾಠ ಮಗಳನ್ನು ಕಲ್ಕತ್ತೆಯ ವಿದ್ವತ್ಸಭೆಗೆ, ಚೆಲ್ಟನ್‌ಹ್ಯಾಮಿನ ಕಾಲೇಜಿಗೆ ಮುಟ್ಟಿಸಿತು. ನಿಮ್ಮ ಮನೆಯಲ್ಲಿಯೂ ಅಂಥ ಗುರುಗಳು ಇದ್ದಾರೆ. ಅಜ್ಜಿಗೆ ಗೊತ್ತಿರುವ ಹಾಡು, ಗಾದೆ, ಊರಿನ ಕಥೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವರ ಬಳಿ ಕುಳಿತು ಕೇಳಿ ಬರೆದಿಡಿ. ಕನ್ನಡ ಅಕ್ಷರ ಬರದಿದ್ದರೆ ಮೊದಲು ನಾಗರಿಯಲ್ಲಿ ಬರೆಯಿರಿ, ಚಿಂತೆಯಿಲ್ಲ. ಬರೆಯುತ್ತ ಬರೆಯುತ್ತ ಕನ್ನಡದ ಅಕ್ಷರವೂ ಬಂದೀತು. ವೇದಕ್ಕೆ ಕೈಹಾಕಲು ಹಿಂಜರಿದ ಹುಡುಗಿ ಕೊನೆಗೆ ಹೀಬ್ರೂ ಕಲಿತದ್ದು ಹಣ್ಣು ವಯಸ್ಸಿಗೆ ಹತ್ತಿರವಾದಾಗ. ನಿಮಗಿನ್ನೂ ಇಪ್ಪತ್ತು!

ಕೊನೆಯದಾಗಿ ಒಂದು ಮಾತು. ಹೊರನಾಡಿನ ಬಹುತೇಕ ಕನ್ನಡ ಸಂಘಗಳಲ್ಲಿ ಒಂದು ಪುಸ್ತಕದ ಬೀರು ಇರುತ್ತದೆ. ಹಿರಿಯರು ಊರಿಂದ ಬರುವಾಗ ಚೀಲದಲ್ಲಿ ಹೊತ್ತು ತಂದ ಕಾದಂಬರಿಗಳು, ಕವನ ಸಂಕಲನಗಳು, ಹಳೆಯ ಮಾಸಪತ್ರಿಕೆಗಳ ಕಟ್ಟು. ಬೀರುವಿಗೆ ಬೀಗ ಇರುತ್ತದೆ. ಕೀಲಿ ಯಾರ ಹತ್ತಿರ ಇದೆಯೆಂದು ಕೇಳಿದರೆ ಪದಾಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ! ಆ ಪುಸ್ತಕಗಳನ್ನು ಕಾಯ್ದ ಹಿರಿಯರಿಗೆ ವಯಸ್ಸಾಗುತ್ತಿದೆ. ಇನ್ನು ಹತ್ತು ವರ್ಷಕ್ಕೆ ಅವು ಗೆದ್ದಲಿನ ಪಾಲೋ ರದ್ದಿಯ ಪಾಲೋ ಎಂಬುದು ನಿಮ್ಮ ಕೈಯಲ್ಲಿದೆ.

ಆ ಕೀಲಿಯನ್ನು ಕೇಳಿ ಪಡೆಯಿರಿ. ಇಬ್ಬರು ಮೂವರು ಸೇರಿ ಪುಸ್ತಕಗಳ ಪಟ್ಟಿ ಮಾಡಿ. ಭಾನುವಾರ ಒಂದು ತಾಸು ಬೀರು ತೆರೆದಿಡಿ. ಬಂದವರು ಕನ್ನಡದವರೇ ಆಗಿರಬೇಕೆಂದಿಲ್ಲ. ಕಲಿಯಲು ಆಸೆಯಿರುವ ಮರಾಠಿ ಗೆಳೆಯ-ಗೆಳತಿಯರನ್ನೂ ಕೂರಿಸಿಕೊಳ್ಳಿ. ಯಾರು ಯಾವ ಪುಸ್ತಕ ಮುಟ್ಟಬೇಕು ಎಂದು ಕೇಳುವ ಕಾಲ ಹೋಯಿತು. ಅದು ಹೋಗುವಂತೆ ಮಾಡಿದವರಲ್ಲಿ ಗಂಗಾಮೂಲದಲ್ಲಿ ಹುಟ್ಟಿ, ಕೇಡಗಾಂವದಲ್ಲಿ ಮಣ್ಣಾದ ಆ ತಾಯಿಯೂ ಒಬ್ಬರು. ಮುಂದಿನ ಸಲ ಪುಣೆಗೆ ಹೋಗುವಾಗ ಚೌಫುಲಾದಲ್ಲಿ ಇಳಿದು ಆ ಊರನ್ನು ಒಮ್ಮೆ ನೋಡಿಬನ್ನಿ.